ಸುಗಂಧವಾಚಕಗಳ ಇಂಗ್ಲಿಷು ಅನುವಾದ: ಒಂದು ವಿಮರ್ಶೆ

೧

ಕನ್ನಡ ನಾಡಿನ ಶಾಸನಗಳನ್ನು ಇಂಗ್ಲಿಷಿಗೆ ಅನುವಾದಿಸುವ ಕಾರ್ಯವು ವ್ಯವಸ್ಥಿತವಾಗಿ ನಡೆಯತೊಡಗಿದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ಮೊದಲನೆಯ ಸಂಪುಟವು ೧೮೮೬ರಲ್ಲಿ ಹೊರಬಂದಿತು. ಅಂದಿನಿಂದ ಇಂದಿನವರೆಗೆ ರಾಜರ ಬಿರುದುಗಳು, ಭೂಮಿಯ ಅಳತೆಗಳು, ಸುಂಕಗಳ ಹೆಸರುಗಳು ಇವುಗಳ ಇಂಗ್ಲಿಷು ಪರ್ಯಾಯಗಳ ವಿಷಯದಲ್ಲಿ ವಿದ್ವಾಂಸರು ಸಾಕಷ್ಟು ಚರ್ಚೆ ನಡೆಸಿದ್ದಾರೆ. ಮತ್ತರು ಎಷ್ಟು, ಗದ್ಯಾಣದ ತೂಕವೇನು ಎಂಬ ಪ್ರಶ್ನೆಗಳನ್ನು ಯಾರೂ ಅಲಕ್ಷಿಸಿಲ್ಲ. ಆದರೆ ಅದೇ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಗಂಧ, ಧೂಪ, ಪರಿಮಳ, ಸುಗಂಧದ್ರವ್ಯ ಮೊದಲಾದ ಮಾತುಗಳಿಗೆ ನಾವು ಯಾವ ಇಂಗ್ಲಿಷು ಶಬ್ದಗಳನ್ನು ಬಳಸುತ್ತಿದ್ದೇವೆ, ಅವು ಸರಿಯೆ ಎಂಬ ವಿಚಾರವು ಅಷ್ಟಾಗಿ ನಡೆದಂತೆ ಕಾಣದು. ವಾಸನೆಯ ಮಾತಲ್ಲವೆ, ಹೇಗೆ ಹೇಳಿದರೂ ನಡೆದೀತು ಎಂಬ ಭಾವನೆ ನಮ್ಮಲ್ಲಿ ನೆಲೆಸಿರುವಂತಿದೆ.

ಈ ಭಾವನೆ ಈ ಲೇಖಕನಲ್ಲಿಯೂ ಇದ್ದಿತು. ಕೆಲವು ವರ್ಷಗಳ ಹಿಂದೆ ದೇವಾಲಯದ ದತ್ತಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಸಣ್ಣ ಟಿಪ್ಪಣಿಯನ್ನು ಬರೆದಾಗ, ಧೂಪಕ್ಕೆ ಬಳಸುತ್ತಿದ್ದ ಅಗರುವನ್ನು ‘ಅಲೋಸ್’ ಎಂದು ಅನುವಾದಿಸಿ ಮುಂದೆ ಸಾಗಿದ್ದೆನು. ಅದನ್ನು ಓದಿದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಬಹು ವಿನಯದಿಂದ ಒಂದು ಪ್ರಶ್ನೆ ಕೇಳಿದರು: “ಲೋಳೆಸರವನ್ನು ಕೆಂಡದ ಮೇಲೆ ಹಾಕಿದರೆ ಸುವಾಸನೆ ಬರುವುದೆ?” ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಇಂಗ್ಲಿಷಿನಲ್ಲಿ ಅಲೋ ಎಂದರೆ ಅವರಿಗೆ ತಿಳಿದಿದ್ದುದು ನಮ್ಮ ಹಿತ್ತಲ ಲೋಳೆಸರವೇ. ನಿಘಂಟುಗಳಲ್ಲಿ ‘ಅಲೋಸ್’ ಎಂಬ ಅರ್ಥ ದೊರೆಯುವುದು ನಿಜ. ಆದರೆ ಅದು ‘ಲಿಗ್ನ್ ಅಲೋಸ್’, ಎಂದರೆ ಅಲೋ ಮರ ಎಂಬ ಹಳೆಯ ಹೆಸರಿನ ಮೊಟಕು ರೂಪ. ಕಹಿರಸದ ಲೋಳೆಸರಕ್ಕೂ ಸುಗಂಧದ ಅಗರು ಮರಕ್ಕೂ ಹೆಸರೊಂದನ್ನು ಬಿಟ್ಟರೆ ಯಾವ ನಂಟೂ ಇಲ್ಲ. ಆ ಟಿಪ್ಪಣಿಯ ಇತರ ತೀರ್ಮಾನಗಳು ತಪ್ಪಾಗಿರಲಿಲ್ಲ. ಆದರೆ ಒಂದು ಶಬ್ದದಿಂದ ಓದುಗನೊಬ್ಬನ ಕಣ್ಣಿನಲ್ಲಿ ಆ ದೇವಾಲಯದ ಗರ್ಭಗೃಹವು ಔಷಧದಂಗಡಿಯಾಯಿತು. ಪ್ರಸ್ತುತ ಲೇಖನಕ್ಕೆ ಮೂಲಪ್ರೇರಣೆ ಆ ಪ್ರಶ್ನೆಯೇ.

೨

ಮೊದಲು ಇಂಗ್ಲಿಷು ಶಬ್ದಗಳನ್ನೇ ಪರಿಶೀಲಿಸೋಣ. ಸ್ಮೆಲ್, ಓಡರ್, ಸೆಂಟ್, ಫ್ರೇಗ್ರೆನ್ಸ್, ಪರ್ಫ್ಯೂಮ್, ಅರೋಮ, ಇನ್ಸೆನ್ಸ್ ಎಂಬ ಏಳು ಶಬ್ದಗಳನ್ನು ನಮ್ಮ ವಿದ್ಯಾರ್ಥಿಗಳು ಒಂದರ ಬದಲಿಗೆ ಇನ್ನೊಂದನ್ನು ಧಾರಾಳವಾಗಿ ಬಳಸುತ್ತಾರೆ. ಇವು ಪರ್ಯಾಯಪದಗಳೆಂಬುದು ಅವರ ನಂಬಿಕೆ. ಆದರೆ ಪ್ರತಿಯೊಂದು ಶಬ್ದಕ್ಕೂ ಬೇರೆ ಬೇರೆ ಹುಟ್ಟು, ಬೇರೆ ಬೇರೆ ನಡೆ ಉಂಟು.

‘ಪರ್ಫ್ಯೂಮ್’ ಶಬ್ದವು ಹದಿನಾರನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದುದು. ಅದರ ಮೂಲದಲ್ಲಿರುವುದು ಲ್ಯಾಟಿನ್ನಿನ ‘ಫ್ಯೂಮಸ್’, ಅಂದರೆ ಹೊಗೆ. ಮೊದಲಿಗೆ ಅದು ಸುಗಂಧವಸ್ತುವನ್ನು ಸುಟ್ಟಾಗ ಏಳುವ ಹೊಗೆಯನ್ನೇ ಸೂಚಿಸುತ್ತಿದ್ದಿತು. ಆಮೇಲೆ ಸುಗಂಧವಸ್ತುವಿಗೆ ಹೆಸರಾಗಿ, ಕಡೆಗೆ ಸೀಸೆಯಲ್ಲಿ ತುಂಬಿದ ದ್ರವಕ್ಕೆ ಅಂಟಿಕೊಂಡಿತು. ‘ಇನ್ಸೆನ್ಸ್’ ಎಂಬುದೂ ಸುಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಆದರೆ ಅದು ತನ್ನ ಬೆಂಕಿಯನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಒಂದೇ ಹೊಗೆಯಿಂದ ಎದ್ದ ಎರಡು ಶಬ್ದಗಳಲ್ಲಿ ಒಂದು ಸೀಸೆಯನ್ನು ಸೇರಿತು, ಇನ್ನೊಂದು ಧೂಪದ ಪಾತ್ರೆಯಲ್ಲಿಯೇ ಉಳಿಯಿತು.

‘ಸೆಂಟ್’ ಶಬ್ದದ ಕಥೆ ಬೇರೆ. ಅನುಭವಿಸು, ಗ್ರಹಿಸು ಎಂಬರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿದ ಅದು ಮೊದಲು ಬೇಟೆಗಾರರ ಮಾತಾಗಿದ್ದಿತು. ಮೃಗವು ನಡೆದುಹೋದ ದಾರಿಯಲ್ಲಿ ಬಿಟ್ಟ, ಬೇಟೆನಾಯಿ ಹಿಡಿದುಕೊಂಡು ಹೋಗುವ ಜಾಡಿನ ವಾಸನೆಯೇ ಸೆಂಟ್. ಈ ಹಳೆಯ ಅರ್ಥದ ನೆರಳು ಇಂದಿಗೂ ಅದರ ಮೇಲಿದೆ. ಕಣ್ಣಿಗೆ ಕಾಣದ, ಸೂಕ್ಷ್ಮವಾದ, ಮೂಲವನ್ನು ನೆನಪಿಗೆ ತರುವ ವಾಸನೆಗೆ ಇಂಗ್ಲಿಷು ಲೇಖಕರು ಇದನ್ನು ಆರಿಸಿಕೊಳ್ಳುತ್ತಾರೆ. ನಮಗಾದರೋ ‘ಸೆಂಟು’ ಎಂದರೆ ಮದುವೆಮನೆಯಲ್ಲಿ ಚಿಮುಕಿಸುವ ವಸ್ತು. ಈ ಕನ್ನಡ ಕಿವಿಯಿಂದ ಇಂಗ್ಲಿಷು ಬರೆಯುವ ನಾವು, ಆ ಶಬ್ದವು ತೀರ ಹೊಂದುವ ಕಡೆಯಲ್ಲಿಯೇ ಅದನ್ನು ಅಗ್ಗವೆಂದು ಕೈಬಿಡುತ್ತೇವೆ.

‘ಅರೋಮ’ ಎಂಬುದು ಗ್ರೀಕಿನಲ್ಲಿ ಸಂಬಾರದ ಹೆಸರು. ಸುವಾಸನೆ ಎಂಬ ಅರ್ಥವು ಇಂಗ್ಲಿಷಿನಲ್ಲಿ ಅದಕ್ಕೆ ಬಂದುದು ಬಹಳ ಈಚೆಗೆ, ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ. ಏಲಕ್ಕಿ, ಲವಂಗ, ಕಾಫಿ ಇವುಗಳ ವಾಸನೆಗೆ ಅದು ಸಲ್ಲುವಂತೆ ಮಲ್ಲಿಗೆಗೆ ಸಲ್ಲದು. ‘ಫ್ರೇಗ್ರೆನ್ಸ್’ ಹೂವಿನ ಕಡೆಗೆ ಒಲಿದ ಶಬ್ದ. ಅದಕ್ಕೆ ಕೆಟ್ಟ ಅರ್ಥವೇ ಇಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ನು ೧೭೫೨ರಲ್ಲಿ ಔಷಧವಸ್ತುಗಳ ವಾಸನೆಗಳನ್ನು ಏಳು ವರ್ಗಗಳಾಗಿ ವಿಂಗಡಿಸಿದಾಗ ಅರೋಮದ ವರ್ಗವನ್ನೂ ಫ್ರೇಗ್ರೆನ್ಸಿನ ವರ್ಗವನ್ನೂ ಬೇರೆ ಬೇರೆಯಾಗಿಯೇ ಇರಿಸಿದನು. ಮಲ್ಲಿಗೆಯ ಜಾತಿಯ ಹೂಗಳು ಎರಡನೆಯದರಲ್ಲಿ ಸೇರಿದವು; ಕಸ್ತೂರಿಗೆ ಮೂರನೆಯದೊಂದು ವರ್ಗವೇ ಬೇಕಾಯಿತು.

ಉಳಿದವು ಸ್ಮೆಲ್ ಮತ್ತು ಓಡರ್. ಸ್ಮೆಲ್ ಸಾಮಾನ್ಯವಾಚಕ; ವಿಶೇಷಣವಿಲ್ಲದೆ ಅದನ್ನು ಕ್ರಿಯಾಪದವಾಗಿ ಬಳಸಿದರೆ ದುರ್ವಾಸನೆ ಎಂದೇ ಅರ್ಥ. ನಮ್ಮ ‘ವಾಸನೆ’ಗೂ ಇದೇ ಗತಿಯಾಗಿದೆ. ‘ಏನೋ ವಾಸನೆ’ ಎಂದು ಯಾರಾದರೂ ಅಂದರೆ ನಾವು ಮೂಗು ಮುಚ್ಚಿಕೊಳ್ಳುತ್ತೇವಲ್ಲದೆ ಅರಳಿಸುವುದಿಲ್ಲ. ಓಡರ್ ಶಾಸ್ತ್ರಗ್ರಂಥಗಳಲ್ಲಿ ತಟಸ್ಥವಾಗಿದ್ದರೂ ಇಂದಿನ ಆಡುಮಾತಿನಲ್ಲಿ ಅಹಿತದ ಕಡೆಗೆ ಜಾರಿದೆ.

ಇಂಥ ಜಾರುವಿಕೆ ಭಾಷೆಗಳಲ್ಲಿ ಹೊಸದಲ್ಲ. ದುರ್ವಾಸನೆಯನ್ನೇ ಹೇಳುವ ಇಂಗ್ಲಿಷಿನ ‘ಸ್ಟಿಂಕ್’ ಶಬ್ದವು ಹಳೆಯ ಇಂಗ್ಲಿಷಿನಲ್ಲಿ ಸುವಾಸನೆಗೂ ಸಲ್ಲುತ್ತಿದ್ದಿತು. ನಮ್ಮ ಹಳಗನ್ನಡದ ‘ನಾಱು’ ಧಾತುವಿನ ಪಾಡೂ ಅದೇ. ವಾಸನೆ ಬೀರು ಎಂಬುದು ಅದರ ಮೂಲಾರ್ಥ. ತಮಿಳಿನ ‘ನಾಱ್ಱಂ’ ಶಬ್ದವೂ ಹೀಗೆಯೇ ಕೆಳಗಿಳಿದಿದೆ. ಇಂದು ‘ನಾರುತ್ತದೆ’ ಎಂಬುದು ನಿಂದೆಯ ಮಾತು. ಹಳೆಯ ಕಾವ್ಯದ ‘ನಾಱು’ವನ್ನು ಇಂದಿನ ಅರ್ಥದಿಂದ ಓದುವ ವಿದ್ಯಾರ್ಥಿಯೂ, ಹಳೆಯ ಇಂಗ್ಲಿಷಿನ ಸ್ಟಿಂಕ್ ಅನ್ನು ಇಂದಿನ ಅರ್ಥದಿಂದ ಓದುವವನೂ ಮಾಡುವ ತಪ್ಪು ಒಂದೇ.

೩

ಇನ್ನು ನಮ್ಮ ಕಡೆಯ ಶಬ್ದಗಳು. ಇವೆಲ್ಲವೂ ‘ಸುವಾಸನೆ’ ಎಂಬ ಒಂದೇ ಅರ್ಥದವು, ಕವಿಗಳು ಛಂದಸ್ಸಿನ ಅನುಕೂಲಕ್ಕಾಗಿ ಬದಲಾಯಿಸಿಕೊಳ್ಳುತ್ತಾರೆ ಎಂದು ಭಾವಿಸುವವರುಂಟು. ಅಂಥವರು ಅಮರಕೋಶವನ್ನು ಇನ್ನೊಮ್ಮೆ ತೆರೆದು ನೋಡಬೇಕು. ಉಜ್ಜುವುದರಿಂದ ಅಥವಾ ತೇಯುವುದರಿಂದ ಹುಟ್ಟುವ ಮನೋಹರವಾದ ಗಂಧವನ್ನು ಅಮರಸಿಂಹನು ‘ಪರಿಮಳ’ವೆಂದು ಕರೆಯುತ್ತಾನೆ, ಬಹುದೂರ ಹರಡುವುದನ್ನು ‘ಆಮೋದ’ವೆನ್ನುತ್ತಾನೆ, ಬಾಯಿಗೆ ವಾಸನೆ ಕೊಡುವುದಕ್ಕೆ ಬೇರೆಯದೇ ಹೆಸರು ಕೊಡುತ್ತಾನೆ, ಹಸಿಮಾಂಸದ ವಾಸನೆಗೂ ಕೊಳೆತುದರ ವಾಸನೆಗೂ ಪ್ರತ್ಯೇಕ ಶಬ್ದಗಳನ್ನು ಹೇಳುತ್ತಾನೆ. ಗಂಧವು ಪೃಥಿವಿಯ ಗುಣ, ಅದು ಸುರಭಿ ಮತ್ತು ಅಸುರಭಿ ಎಂದು ಎರಡು ಬಗೆ ಎಂಬುದು ನ್ಯಾಯವೈಶೇಷಿಕರ ಮತ. ಮಹಾಭಾರತದ ಶಾಂತಿಪರ್ವವು ಅದನ್ನು ಇಷ್ಟ, ಅನಿಷ್ಟ, ಮಧುರ, ಕಟು, ನಿರ್ಹಾರಿ, ಸಂಹತ, ಸ್ನಿಗ್ಧ, ರೂಕ್ಷ, ವಿಶದ ಎಂದು ಒಂಬತ್ತಾಗಿ ಎಣಿಸುತ್ತದೆ. ಈ ವಿಂಗಡಣೆಗಳಲ್ಲಿ ಗಮನಾರ್ಹವಾದುದೊಂದುಂಟು. ವಾಸನೆ ಹಿತವೆ ಅಹಿತವೆ ಎಂಬುದರೊಡನೆ ಅದು ಹೇಗೆ ಹುಟ್ಟುತ್ತದೆ, ಎಷ್ಟು ದೂರ ಹೋಗುತ್ತದೆ, ಮೂಗಿಗೆ ಹೇಗೆ ತಗಲುತ್ತದೆ ಎಂಬ ವಿಚಾರವೂ ಇಲ್ಲಿದೆ.

ಅಮರನ ‘ಪರಿಮಳ’ದ ಲಕ್ಷಣವು ಸುಮ್ಮನೆ ಪುಸ್ತಕದ ಮಾತಲ್ಲ. ಶ್ರೀಗಂಧದ ಕೊರಡನ್ನು ಹಾಗೆಯೇ ಮೂಗಿನ ಬಳಿ ಹಿಡಿದರೆ ದೊರೆಯುವುದು ಸ್ವಲ್ಪ. ನೀರು ಚಿಮುಕಿಸಿ ಕಲ್ಲಿನ ಮೇಲೆ ತೇಯುತ್ತ ಹೋದಂತೆ ಅದರ ನಿಜವಾದ ಕಂಪು ಬಿಡುತ್ತದೆ. ಪ್ರತಿದಿನ ಗಂಧ ತೇಯುವ ಅರ್ಚಕನಿಗೆ ಈ ವಿಷಯವನ್ನು ಯಾವ ನಿಘಂಟುಕಾರನೂ ಹೇಳಿಕೊಡಬೇಕಾಗಿಲ್ಲ. ಈ ಶಬ್ದವನ್ನು ‘ಫ್ರೇಗ್ರೆನ್ಸ್’ ಎಂದು ಅನುವಾದಿಸಿದರೆ ತಪ್ಪೇನೂ ಆಗದು. ಆದರೆ ತೇಯುವ ಕೈಯೂ ಕಲ್ಲೂ ಮರೆಯಾಗುತ್ತವೆ. ಕಾಲಕ್ರಮದಲ್ಲಿ ಪರಿಮಳವೆಂಬುದು ಕನ್ನಡದಲ್ಲಿ ಎಲ್ಲ ಸುವಾಸನೆಗೂ ಸಾಧಾರಣ ಹೆಸರಾಯಿತೆಂಬುದನ್ನು ಒಪ್ಪಬೇಕು. ಆದುದರಿಂದ ಅದು ಯಾವ ಕಾಲದ, ಯಾವ ಗ್ರಂಥದ ಪರಿಮಳವೆಂದು ಅನುವಾದಕನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು.

ಅಚ್ಚಗನ್ನಡದ ಶಬ್ದಗಳಲ್ಲಿ ‘ಕಂಪು’ ಅತ್ಯಂತ ಸುಕುಮಾರವಾದುದು. ಹೂವಿಗೆ, ಮಣ್ಣಿಗೆ, ಗಾಳಿಗೆ ಅದು ಸಮನಾಗಿ ಒಪ್ಪುತ್ತದೆ. ಅದರೊಡನೆ ತಂಪೂ ಒಂದಿಷ್ಟು ಸೇರಿರುವಂತೆ ಕನ್ನಡಿಗನ ಕಿವಿಗೆ ಕೇಳುತ್ತದೆ. ಇದಕ್ಕೆ ಹತ್ತಿರದ ಇಂಗ್ಲಿಷು ಶಬ್ದವು ಅನೇಕ ಕಡೆಗಳಲ್ಲಿ ನಾವು ತಿರಸ್ಕರಿಸುವ ಸೆಂಟ್ ಎಂಬುದೇ. ‘ಸೊಗಡು’ ಇನ್ನೂ ಕಷ್ಟದ ಮಾತು. ಮಾಗಿಯ ಚಳಿಯಲ್ಲಿ ಅವರೆಕಾಯಿ ಮಾರುವವನ ಗುಡ್ಡೆಯ ಮುಂದೆ ನಿಂತು, ಕಾಯನ್ನು ಬೆರಳಿನಿಂದ ಉಜ್ಜಿ ಮೂಸಿ, ‘ಸೊಗಡಿದೆ’ ಎಂದು ಹೇಳಿ ಕೊಳ್ಳುವ ಗೃಹಿಣಿಗೆ ಆ ಶಬ್ದದ ಅರ್ಥ ಸ್ಪಷ್ಟ. ಅದು ಹೂವಿನ ಕಂಪಲ್ಲ, ಸಂಬಾರದ ಘಾಟಲ್ಲ, ಎಣ್ಣೆಯ ಜಿಡ್ಡೂ ಅಲ್ಲ. ಅಂಗೈಗೆ ಅಂಟಿಕೊಂಡು ಮನೆಯವರೆಗೆ ಬರುವ ವಸ್ತು. ಮೇಲೆ ಹೇಳಿದ ಏಳು ಇಂಗ್ಲಿಷು ಶಬ್ದಗಳಲ್ಲಿ ಒಂದಾದರೂ ಇಲ್ಲಿ ನಿಲ್ಲಲಾರದು. ಇಂಥ ಕಡೆಗಳಲ್ಲಿ ಮೂಲಶಬ್ದವನ್ನೇ ಇರಿಸಿ ಒಮ್ಮೆ ವಿವರಿಸುವುದು ಪ್ರಾಮಾಣಿಕವಾದ ಮಾರ್ಗ.

೪

ಸಾಮಾನ್ಯ ವಿಚಾರವನ್ನು ಬಿಟ್ಟು ಕೆಲವು ನಿದರ್ಶನಗಳನ್ನು ಪರೀಕ್ಷಿಸೋಣ.

ಮೊದಲನೆಯದು ‘ಗಂಧ’. ಜೈನರ ಅಷ್ಟವಿಧಾರ್ಚನೆಯಲ್ಲಿ ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲ ಎಂಬ ಎಂಟು ಅಂಗಗಳಿವೆ. ಇಲ್ಲಿ ಗಂಧವೂ ಧೂಪವೂ ಬೇರೆ ಬೇರೆ ಎಂಬುದನ್ನು ಪಟ್ಟಿಯೇ ಸಾರಿ ಹೇಳುತ್ತದೆ. ಈ ಲೇಖಕನ ತರಗತಿಯ ವಿದ್ಯಾರ್ಥಿನಿಯೊಬ್ಬಳು ದತ್ತಿಶಾಸನವೊಂದನ್ನು ಅನುವಾದಿಸುವಾಗ ಎರಡಕ್ಕೂ ‘ಪರ್ಫ್ಯೂಮ್’ ಎಂದೇ ಬರೆದಿದ್ದಳು. ಅದನ್ನು ತಿದ್ದುವಾಗ ನಾನು ಮೊದಲನೆಯದನ್ನು ಹೊಡೆದುಹಾಕಿ ‘ಫ್ರೇಗ್ರೆನ್ಸ್’ ಎಂದು ಬರೆದೆನು. “ಸಾರ್, ದೇವರಿಗೆ ವಾಸನೆಯನ್ನು ಹೇಗೆ ಹಚ್ಚುತ್ತಾರೆ?” ಎಂದು ಅವಳು ಕೇಳಿದಳು. ಪ್ರಶ್ನೆ ಸರಿಯಾಗಿದ್ದಿತು. ಅರ್ಚನೆಯ ಗಂಧವು ಗುಣವಲ್ಲ, ದ್ರವ್ಯ. ತೇಯ್ದು ಹಚ್ಚುವ ಚಂದನದ ಲೇಪ. ಅದಕ್ಕೆ ‘ಸ್ಯಾಂಡಲ್ ಪೇಸ್ಟ್’ ಎಂಬ ಸಾದಾ ಮಾತೇ ಸರಿಯಾದ ಅನುವಾದ. ಅವಳ ತಪ್ಪು ಒಂದು ಬಗೆಯದಾದರೆ ನನ್ನ ತಿದ್ದುಪಡಿ ಅದಕ್ಕಿಂತ ದೊಡ್ಡ ತಪ್ಪಾಗಿದ್ದಿತು. ಅವಳು ವಸ್ತುವನ್ನು ತಪ್ಪಾಗಿ ಗುರುತಿಸಿದ್ದಳು, ನಾನು ವಸ್ತುವನ್ನೇ ಇಲ್ಲವಾಗಿಸಿದ್ದೆನು.

ಎರಡನೆಯದು ವ್ಯಾಪಾರದ ಪಟ್ಟಿಗಳು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಅಯ್ಯಾವೊಳೆ ಐನೂರ್ವರ ವ್ಯಾಪಾರದ ಸರಕುಗಳನ್ನು ಹೇಳುತ್ತ ಏಲಕ್ಕಿ, ಲವಂಗ, ಗುಗ್ಗುಳ, ಚಂದನ, ಕರ್ಪೂರ, ಕಸ್ತೂರಿ, ಕುಂಕುಮಗಳನ್ನು ಹೆಸರಿಸುತ್ತದೆ. ೧೯೦೨ರಲ್ಲಿ ಪ್ರಕಟವಾದ ಏಳನೆಯ ಸಂಪುಟದಲ್ಲಿ ರೈಸ್ ಅವರು ಇಂಥ ವಸ್ತುಗಳನ್ನು ಒಟ್ಟಾಗಿ ಸೂಚಿಸಲು ಪರ್ಫ್ಯೂಮ್ ಶಬ್ದವನ್ನು ಬಳಸಿದ್ದಾರೆ. ಅವರ ದೃಷ್ಟಿಯಲ್ಲಿ ಅದು ದೋಷವಲ್ಲ. ಸುಗಂಧ ಕೊಡುವ ಕಚ್ಚಾವಸ್ತು ಎಂಬ ಹಳೆಯ ಅರ್ಥವು ಅವರ ಓದುಗರಿಗೆ ಅಪರಿಚಿತವಾಗಿರಲಿಲ್ಲ. ಕಷ್ಟವಿರುವುದು ನಮ್ಮಲ್ಲಿ. ಶತಮಾನಕ್ಕೂ ಹಿಂದಿನ ಆ ಶಬ್ದವನ್ನು ಹಾಗೆಯೇ ಎತ್ತಿಕೊಂಡು, ಇಂದಿನ ಅರ್ಥದಲ್ಲಿ ಓದಿ, ‘ಚಾಲುಕ್ಯರ ಕಾಲದ ಪರ್ಫ್ಯೂಮ್ ಉದ್ಯಮ’ ಎಂದು ಬರೆಯತೊಡಗಿದರೆ, ಶಾಸನದಲ್ಲಿಲ್ಲದ ಒಂದು ಉದ್ಯಮವನ್ನು ನಾವು ಸೃಷ್ಟಿಸಿದಂತಾಗುವುದು. ಶಾಸನವು ಹೇಳುವುದು ದೂರದ ಕಾಡುಗಳಿಂದಲೂ ದ್ವೀಪಗಳಿಂದಲೂ ಬಂದ ಮರ, ಅಂಟು, ಬೀಜ, ಕೇಸರಗಳ ಮಾರಾಟವನ್ನು. ಅವನ್ನು ಕೊಂಡವರು ಅರೆದರೆ, ತೇಯ್ದರೆ, ಸುಟ್ಟರೆ, ತಿಂದರೆ ಎಂಬುದನ್ನು ಬೇರೆ ಆಧಾರಗಳಿಂದ ತಿಳಿಯಬೇಕು.

ಇದೇ ಪಟ್ಟಿಯ ಒಂದೊಂದು ಶಬ್ದವೂ ಒಂದೊಂದು ಸಮಸ್ಯೆ. ‘ಕುಂಕುಮ’ವೆಂದರೆ ಇಂದಿನ ಕನ್ನಡದಲ್ಲಿ ಅರಿಸಿನದಿಂದ ಮಾಡಿದ ಹಣೆಯ ಕೆಂಪು ಪುಡಿ, ಹಳೆಯ ಪಟ್ಟಿಗಳಲ್ಲಿ ಅದು ಕಾಶ್ಮೀರದ ಕೇಸರಿ. ಇಲ್ಲಿ ‘ಸ್ಯಾಫ್ರನ್’ ಎಂದ ಹಳೆಯ ಅನುವಾದಕರೇ ಸರಿ. ಮನೆಯ ಕರಡಿಗೆಯನ್ನು ನೆನೆದು ‘ವರ್ಮಿಲಿಯನ್’ ಎನ್ನುವ ಕನ್ನಡಿಗನೇ ಎಡವುತ್ತಾನೆ. ‘ಕರ್ಪೂರ’ವನ್ನು ‘ಕ್ಯಾಂಫರ್’ ಎನ್ನದೆ ಗತ್ಯಂತರವಿಲ್ಲ. ಆದರೆ ಇಂದಿನ ಇಂಗ್ಲಿಷು ಓದುಗನಿಗೆ ಅದು ನೆನಪಿಗೆ ತರುವುದು ಬಟ್ಟೆಯ ಪೆಟ್ಟಿಗೆಯ ಗುಳಿಗೆಯನ್ನೂ ನೋವಿನ ಮುಲಾಮನ್ನೂ. ತಾಂಬೂಲಕ್ಕೆ ಸೇರುತ್ತಿದ್ದ, ಬೋರ್ನಿಯೋ ಸುಮಾತ್ರಗಳ ಕಡೆಯಿಂದ ಬರುತ್ತಿದ್ದ ಪಚ್ಚಕರ್ಪೂರದ ಬೆಲೆಯೂ ರುಚಿಯೂ ಆ ಓದುಗನಿಗೆ ಒಂದು ವಾಕ್ಯದ ವಿವರಣೆಯಿಲ್ಲದೆ ತಿಳಿಯುವಂತಿಲ್ಲ. ‘ಅಗರು’ವಿಗೆ ‘ಅಗರ್‌ವುಡ್’ ಅಥವಾ ‘ಈಗಲ್‌ವುಡ್’ ಎಂಬ ಹೆಸರುಗಳಿರುವಾಗ ‘ಅಲೋಸ್’ ಎಂದು ಬರೆದು ನಾನು ಪಟ್ಟ ಪಾಡನ್ನು ಮೇಲೆಯೇ ಹೇಳಿದ್ದೇನೆ. ಈಗಲ್‌ವುಡ್ ಎಂಬುದಕ್ಕೂ ಹದ್ದಿಗೂ ಸಂಬಂಧವಿಲ್ಲ. ಮಲೆಯಾಳದ ‘ಅಗಿಲ್’ ಶಬ್ದವು ಪೋರ್ಚುಗೀಸರ ಬಾಯಲ್ಲಿ ಹದ್ದಿನ ಹೆಸರಾಗಿ, ಅದು ಇಂಗ್ಲಿಷಿಗೆ ಹಾರಿತು.

ಹಾಗೆ ನೋಡಿದರೆ ಇಂಗ್ಲಿಷಿನ ಸುಗಂಧವಾಚಕಗಳಲ್ಲಿ ಅನೇಕವು ನಮ್ಮ ಕಡೆಯಿಂದಲೇ ಹೋದುವು. ಚಂದನವು ‘ಸ್ಯಾಂಡಲ್’ ಆಯಿತು, ಕರ್ಪೂರದ ಬಂಧುವೊಂದು ಅರಬ್ಬೀ ಭಾಷೆಯ ಮೂಲಕ ಕ್ಯಾಂಫರ್ ಆಯಿತು, ‘ಮಸ್ಕ್’ ಎಂಬುದು ಪಾರಸಿಯ ಮೂಲಕ ಸಂಸ್ಕೃತದ ‘ಮುಷ್ಕ’ಕ್ಕೆ ಹೋಗಿ ಮುಟ್ಟುತ್ತದೆ, ನಮ್ಮ ಲಾವಂಚಕ್ಕೆ ಇಂಗ್ಲಿಷರು ತಮಿಳಿನಿಂದ ‘ವೆಟಿವರ್’ ಎಂಬ ಹೆಸರನ್ನು ಪಡೆದರು. ಸರಕಿನೊಡನೆ ಶಬ್ದವೂ ಹಡಗನ್ನೇರಿತು. ನಾವೂ ಪಡೆಯದೆ ಬಿಟ್ಟಿಲ್ಲ. ‘ಊದುಬತ್ತಿ’ಯ ಊದು ಅರಬ್ಬೀ ಮೂಲದ್ದು, ಅಗರು ಎಂದೇ ಅದರ ಅರ್ಥ. ಊದುಬತ್ತಿ, ಅಗರಬತ್ತಿ ಎರಡೂ ಒಂದೇ ಮರದ ಎರಡು ಹೆಸರುಗಳನ್ನು ಹೊತ್ತಿವೆ. ಇದನ್ನು ‘ಜಾಸ್ ಸ್ಟಿಕ್’ ಎಂದು ಅನುವಾದಿಸುವವರು, ದೇವರೆಂಬ ಅರ್ಥದ ಪೋರ್ಚುಗೀಸ್ ಶಬ್ದವು ಚೀನದ ರೇವುಗಳಲ್ಲಿ ಕೆಟ್ಟು ‘ಜಾಸ್’ ಆದುದನ್ನು ನಮ್ಮ ದೇವರಮನೆಗೆ ತಂದಿಟ್ಟಂತಾಗುತ್ತದೆ.

ಮೂರನೆಯದು ಗ್ರಂಥಗಳ ಅನುವಾದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ೧೧೨೯ರ ಸುಮಾರಿನಲ್ಲಿ ರಚಿತವಾದುದು. ಅದರ ಮೂರನೆಯ ವಿಂಶತಿಯಲ್ಲಿ ಸ್ನಾನ, ವಿಲೇಪನ, ಮಾಲ್ಯ, ತಾಂಬೂಲ, ಧೂಪ ಮೊದಲಾದವು ಬೇರೆ ಬೇರೆ ಭೋಗಗಳಾಗಿ ನಿರೂಪಿತವಾಗಿವೆ. ಸುಗಂಧವು ಎಲ್ಲದರಲ್ಲಿಯೂ ಇದೆ. ಆದರೆ ಮೈಗೆ ಹಚ್ಚುವುದು ಒಂದು, ಮುಡಿಯುವುದು ಒಂದು, ಅಗಿಯುವುದು ಒಂದು, ಹೊಗೆ ಹಿಡಿಯುವುದು ಒಂದು. ರಾಜನು ಇವುಗಳನ್ನು ಪ್ರತ್ಯೇಕ ಅಧ್ಯಾಯಗಳಲ್ಲಿ ಇಟ್ಟಿರುವಾಗ ಅನುವಾದಕನು ಎಲ್ಲವನ್ನೂ ‘ಪರ್ಫ್ಯೂಮ್’ ಎಂಬ ಒಂದೇ ಮಾತಿನಿಂದ ಹೇಳಿದರೆ, ಗ್ರಂಥದ ವ್ಯವಸ್ಥೆಯೇ ಅಳಿದುಹೋಗುತ್ತದೆ. ವಿಲೇಪನಕ್ಕೆ ‘ಅಂಗ್ವೆಂಟ್’, ಧೂಪಕ್ಕೆ ‘ಇನ್ಸೆನ್ಸ್’ ಎಂದು ಭೇದವನ್ನು ಉಳಿಸಲು ಇಂಗ್ಲಿಷಿನಲ್ಲಿ ಅವಕಾಶವಿರುವಾಗ ಹಾಗೆ ಮಾಡದಿರುವುದು ಭಾಷೆಯ ಬಡತನವಲ್ಲ, ನಮ್ಮ ಸೋಮಾರಿತನ. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿಯ ಅಧ್ಯಾಯದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸುವ ಬಗೆಗಳು ೧೮೨೦ ಎಂದು ಲೆಕ್ಕ ಹಾಕಿದನು. ಅಂಥ ಎಣಿಕೆಯ ಜನರು ಶಬ್ದಗಳಲ್ಲಿ ಮಾತ್ರ ಅಲಕ್ಷ್ಯದಿಂದಿದ್ದರೆಂದು ನಂಬುವುದು ಕಷ್ಟ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವೂ ಹನ್ನೊಂದನೆಯ ಶತಮಾನದಲ್ಲಿಯೇ ಈ ವಿದ್ಯೆಗೆ ಸ್ಥಳ ಕೊಟ್ಟಿದೆ.

೫

ಈ ವಿಚಾರಕ್ಕೆ ಎರಡು ಆಕ್ಷೇಪಗಳು ಬರಬಹುದು.

ಇಂಗ್ಲಿಷಿನಲ್ಲಿ ವಾಸನೆಯ ಶಬ್ದಗಳೇ ಕಡಿಮೆ. ಮನುಷ್ಯನ ಭಾಷೆಗಳೆಲ್ಲ ಈ ಇಂದ್ರಿಯದ ವಿಷಯದಲ್ಲಿ ಬಡವಾದುವು. ಆದುದರಿಂದ ಇಷ್ಟು ಸೂಕ್ಷ್ಮತೆಯನ್ನು ಅಪೇಕ್ಷಿಸಬಾರದು ಎಂಬುದು ಮೊದಲನೆಯದು. ಇದರ ಮೊದಲರ್ಧದಲ್ಲಿ ಸತ್ಯಾಂಶವುಂಟು. ಇಂಗ್ಲಿಷು ವಾಸನೆಯನ್ನು ಹೆಚ್ಚಾಗಿ ಅದರ ಮೂಲದಿಂದ ಹೇಳುತ್ತದೆ, ನಿಂಬೆಯಂತೆ, ಗುಲಾಬಿಯಂತೆ ಎಂದು. ಇಲ್ಲವೆ ನಾಲಗೆಯಿಂದ ‘ಸ್ವೀಟ್’ ಶಬ್ದವನ್ನು ಎರವಲು ತರುತ್ತದೆ. ಆದರೆ ಎಲ್ಲ ಭಾಷೆಗಳೂ ಹಾಗೆ ಎಂಬುದು ಸರಿಯಲ್ಲ. ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹುಲ್ಟ್ ಎಂಬ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನವು, ಮಲಯ ಪರ್ಯಾಯದ್ವೀಪದ ಜಹಾಯ್ ಭಾಷಿಕರು ಬಣ್ಣಗಳನ್ನು ಹೇಳುವಷ್ಟೇ ಸುಲಭವಾಗಿ ವಾಸನೆಗಳನ್ನೂ ಹೆಸರಿಸುವರೆಂದೂ, ಇಂಗ್ಲಿಷು ಭಾಷಿಕರು ಅದೇ ಕೆಲಸದಲ್ಲಿ ಸುತ್ತಿ ಬಳಸಿ ಮಾತಾಡುವರೆಂದೂ ತೋರಿಸಿತು. ಕೊರತೆಯಿರುವುದು ಮೂಗಿನಲ್ಲಲ್ಲ, ರೂಢಿಯಲ್ಲಿ. ನಮ್ಮ ರೂಢಿ ಹೆಚ್ಚು ಸಮೃದ್ಧವಾಗಿರುವ ಕಡೆ ಅದನ್ನು ಇಂಗ್ಲಿಷಿನ ರೂಢಿಗೆ ತಗ್ಗಿಸಿ ಹೇಳುವ ಹಂಗು ನಮಗೇಕೆ?

ಎರಡನೆಯ ಆಕ್ಷೇಪವು ಕಾವ್ಯಪ್ರಿಯರದು. ಪದ್ಯಕ್ಕೆ ಬೇಕಾದುದು ಭಾವ, ದ್ರವ್ಯನಿರ್ಣಯವಲ್ಲ ಎಂದು ಅವರು ಹೇಳುವರು. ಒಪ್ಪಬೇಕಾದ ಮಾತೇ, ಆದರೆ ಭಾವವೂ ಸರಿಯಾದ ಶಬ್ದವನ್ನೇ ಆಶ್ರಯಿಸಿರುತ್ತದೆ. ಪಂಪನು ೯೪೧ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯನ್ನು ನೆನಪಿಗೆ ತರುವ ಸಂಗತಿಗಳನ್ನು ಎಣಿಸುವಾಗ ಅರಳಿದ ಮಲ್ಲಿಗೆಯೂ ಅಲ್ಲಿ ಬರುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಫ್ರೇಗ್ರೆನ್ಸ್’ ಶಬ್ದವನ್ನು ಸೇರಿಸುವ ಆಸೆ ಯಾರಿಗಾದರೂ ಆದೀತು. ಆದರೆ ಕವಿ ಅಲ್ಲಿ ಹೇಳಿರುವುದು ಮಲ್ಲಿಗೆಯನ್ನು ಕಾಣುವ ಮಾತು, ಮೂಸುವ ಮಾತಲ್ಲ. ಕಂಪನ್ನು ಅವನು ಓದುಗನ ಪಾಲಿಗೆ ಬಿಟ್ಟಿದ್ದಾನೆ. ಅನುವಾದಕನು ಅದನ್ನು ಕಸಿದುಕೊಳ್ಳಬಾರದು. ಕೆಲವು ಕಡೆ ವಾಸನೆಗೆ ಸರಿಯಾದ ಇಂಗ್ಲಿಷು ಶಬ್ದವೆಂದರೆ ಯಾವ ಶಬ್ದವನ್ನೂ ಬಳಸದಿರುವುದು.

ಶಬ್ದದ ವಯಸ್ಸನ್ನು ನೋಡುವುದೂ ಅವಶ್ಯಕ. ಮೊದಲ ಮಳೆ ಬಿದ್ದಾಗ ಒಣನೆಲದಿಂದ ಏಳುವ ಕಂಪಿಗೆ ‘ಪೆಟ್ರಿಕೋರ್’ ಎಂಬ ಹೆಸರಿದೆ. ಅದನ್ನು ೧೯೬೪ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ಆರ್. ಜಿ. ಥಾಮಸ್ ಗ್ರೀಕ್ ಶಬ್ದಗಳಿಂದ ಕಟ್ಟಿದರು. ಅವರ ಲೇಖನವೇ ಉತ್ತರ ಪ್ರದೇಶದಲ್ಲಿ ಮಣ್ಣಿನಿಂದ ಅತ್ತರು ತೆಗೆಯುತ್ತಿದ್ದ ಕಸುಬನ್ನು ಸ್ಮರಿಸುತ್ತದೆ. ವಿಜ್ಞಾನದ ಬರವಣಿಗೆಯಲ್ಲಿ ಈ ಶಬ್ದ ಉಪಯುಕ್ತ. ಆದರೆ ಹತ್ತನೆಯ ಶತಮಾನದ ಕವಿಯ ಬಾಯಲ್ಲಿ ಅದನ್ನಿಟ್ಟರೆ ಅವನ ಕೈಗೆ ಪ್ರಯೋಗಶಾಲೆಯ ನಳಿಗೆಯನ್ನು ಕೊಟ್ಟಂತೆ. ಅಂತೆಯೇ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ನೂರ್‌ಜಹಾನಳ ತಾಯಿಗೆ ಸಲ್ಲಿಸಿರುವ ಗುಲಾಬಿ ಅತ್ತರಿನ ಕೀರ್ತಿಯನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಯು, ಚಾಲುಕ್ಯರ ಕಾಲದ ಲೇಪವನ್ನು ‘ಅತ್ತರ್’ ಎಂದು ಕರೆಯುವ ಮೊದಲು ಎರಡು ಬಾರಿ ಯೋಚಿಸಬೇಕು.

೬

ಮೇಲಿನ ಚರ್ಚೆಯಿಂದ ಕೆಲವು ಸೂತ್ರಗಳನ್ನು ಸಂಗ್ರಹಿಸಬಹುದು. ಮೂಲದ ಶಬ್ದವು ವಸ್ತುವನ್ನು ಹೇಳುವುದೊ, ಗುಣವನ್ನು ಹೇಳುವುದೊ, ಉಪಚಾರವನ್ನು ಹೇಳುವುದೊ ಎಂಬುದನ್ನು ಮೊದಲು ನಿಶ್ಚಯಿಸಬೇಕು. ವಸ್ತುವಾದರೆ ಅದರ ಹೆಸರನ್ನೇ ಹೇಳಬೇಕು; ‘ಪರ್ಫ್ಯೂಮ್’ ಎಂಬ ಹೊದಿಕೆಯನ್ನು ಹೊದಿಸಬಾರದು. ಗುಣವಾದರೆ ಅದು ತೇಯ್ದುದರಿಂದ ಬಂದುದೊ, ಸುಟ್ಟುದರಿಂದ ಬಂದುದೊ, ತಾನಾಗಿ ಅರಳಿದುದೊ ನೋಡಿ, ಹೂವಿಗೆ ಫ್ರೇಗ್ರೆನ್ಸ್, ಸಂಬಾರಕ್ಕೆ ಅರೋಮ, ಹೊಗೆಗೆ ಇನ್ಸೆನ್ಸ್, ನವಿರಾದ ಕಂಪಿಗೆ ಸೆಂಟ್ ಎಂದು ವಿವೇಚಿಸಬೇಕು. ಇಂಗ್ಲಿಷು ಶಬ್ದದ ಆ ಅರ್ಥವು ಯಾವಾಗ ಹುಟ್ಟಿತು, ಯಾವಾಗ ಬದಲಾಯಿತ್ತು ಎಂಬುದನ್ನು ಕಾಲಕ್ರಮವನ್ನು ಕೊಡುವ ನಿಘಂಟಿನಲ್ಲಿ ನೋಡಬೇಕು; ೧೯೨೮ರಲ್ಲಿ ಮೊದಲ ಬಾರಿಗೆ ಪೂರ್ಣಗೊಂಡ ಆಕ್ಸ್‌ಫರ್ಡ್ ನಿಘಂಟಿನಿಂದ ಈ ಕೆಲಸ ಸುಗಮವಾಗಿದೆ. ಸರಿಸಾಟಿ ಇಲ್ಲದ ಸೊಗಡಿನಂಥ ಶಬ್ದವನ್ನು ಹಾಗೆಯೇ ಉಳಿಸಿ ಒಮ್ಮೆ ವಿವರಿಸಬೇಕು. ಈ ಸೂತ್ರಗಳು ನಿಘಂಟುಗಳಿಗೆ ಬದಲಾಗಿ ಬಂದುವಲ್ಲ. ೧೮೯೪ರಲ್ಲಿ ಹೊರಬಂದ ಕಿಟ್ಟೆಲ್ಲರ ಕೋಶವಿಲ್ಲದೆ ನಮ್ಮ ಕೆಲಸ ಇಂದಿಗೂ ಸಾಗದು. ಆದರೆ ಕೋಶವು ನಾಲ್ಕು ಅರ್ಥಗಳನ್ನು ಮುಂದಿಡುತ್ತದೆ. ಅವುಗಳಲ್ಲಿ ಒಂದನ್ನು ಆರಿಸುವ ಹೊಣೆ ಓದಿದವನದು.

ಇದು ಕೇವಲ ಶಬ್ದಗಳ ಜಗಳವೆಂದು ಭಾವಿಸಬಾರದು. ದೇವಾಲಯಕ್ಕೆ ಬಿಟ್ಟ ದತ್ತಿಯಲ್ಲಿ ಗಂಧಕ್ಕೆ ಇಷ್ಟು, ಧೂಪಕ್ಕೆ ಇಷ್ಟು ಎಂದು ನಿಗದಿಮಾಡಿದ ದಾನಿಗೆ ಎರಡರ ಬೆಲೆಯೂ ಬೇರೆ, ತರುವ ಜನರೂ ಬೇರೆ, ಮಾಡುವ ಕೈಗಳೂ ಬೇರೆ ಎಂಬುದು ತಿಳಿದಿದ್ದಿತು. ಶಾಸನದ ಕನ್ನಡವನ್ನು ಓದಲಾರದ ಬೇರೆ ನಾಡಿನ ಇತಿಹಾಸಕಾರನು ನಮ್ಮ ಅನುವಾದವನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಾನೆ. ನಾವು ಎರಡನ್ನೂ ಒಂದು ಮಾಡಿದರೆ ಗಂಧ ತೇಯ್ದವನೂ ಧೂಪ ಹಾಕಿದವನೂ ಅವನ ಇತಿಹಾಸದಲ್ಲಿ ಒಬ್ಬನೇ ಆಗುತ್ತಾನೆ. ಒಬ್ಬನ ಹೊಟ್ಟೆಪಾಡು ದಾಖಲೆಯಿಂದ ಅಳಿದುಹೋಗುತ್ತದೆ.

ಆ ವಿದ್ಯಾರ್ಥಿನಿಯ ಹಾಳೆಯನ್ನು ಮರಳಿ ಪಡೆದು, ನನ್ನ ತಿದ್ದುಪಡಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಸ್ಯಾಂಡಲ್ ಪೇಸ್ಟ್’ ಎಂದು ಬರೆದು ಹಿಂದಿರುಗಿಸಿದೆನು. ಅಂಕವನ್ನೂ ಬದಲಾಯಿಸಬೇಕಾಯಿತು. ಮುಂದಿನ ಅನುವಾದದಲ್ಲಿ ಅವಳು ‘ಧೂಪ’ಕ್ಕೆ ಇನ್ಸೆನ್ಸ್ ಎಂದು ಬರೆದು, ಅದರಲ್ಲಿ ಗುಗ್ಗುಳವಿದ್ದಿತೆ ಸಾಂಬ್ರಾಣಿಯಿದ್ದಿತೆ ಎಂಬುದು ಶಾಸನದಿಂದ ತಿಳಿಯದು ಎಂದು ಅಡಿಯಲ್ಲಿ ಒಂದು ಸಾಲು ಸೇರಿಸಿದ್ದಳು. ಅನುವಾದಕನಿಂದ ನಾವು ಅಪೇಕ್ಷಿಸಬೇಕಾದುದು ಆ ಒಂದು ಸಾಲಿನ ಎಚ್ಚರವನ್ನು.